ಮಣ್ಣು ಕಡಿಮೆ ಬಿದ್ದ ಜಾಗ

ಮೊನ್ನೆ ಹಿತ್ತಲಲ್ಲಿ ಅಂಜೂರದ ಸಸಿ ನೆಡಲೆಂದು ಗುಂಡಿ ತೋಡುತ್ತಿದ್ದೆ. ಮೇಲೆ ಹೋದ ವರ್ಷ ಇವರು ತರಿಸಿ ಹರಡಿದ ಕೆಂಪು ಮಣ್ಣಿತ್ತು. ಅದು ಮುಗಿಯುತ್ತಲೇ ಗುದ್ದಲಿಯ ಸದ್ದು ಸತ್ತಂತಾಗಿ, ಮಣ್ಣು ಮೆತ್ತಗಾಗಿ, ಬಣ್ಣ ಬೂದಿಗೆ ತಿರುಗಿತು. ಬೆಳಿಗ್ಗೆಯೇ ನೀರು ಹಾಕಿ ನೆನೆಸಿದ್ದೆನಾದ್ದರಿಂದ ವಾಸನೆಯೂ ಎದ್ದಿತು. ಆರಿದ ಒಲೆಗೆ ನೀರು ಚೆಲ್ಲಿದಾಗ ಬರುತ್ತದಲ್ಲ, ಸ್ವಲ್ಪ ಸುಣ್ಣದ ಹಾಗೆ, ಸ್ವಲ್ಪ ಮೊದಲ ಮಳೆಯ ಹಾಗೆ, ಅದು. ಗುದ್ದಲಿ ಬದಿಗಿಟ್ಟು ಅಲ್ಲೇ ಕೂತೆ. ಒದ್ದೆ ಬೂದಿ ಎಲ್ಲಿ ಮೂಗಿಗೆ ಬಡಿದರೂ ನನಗೆ ಮಾವನವರು ಜಾಗ ಹುಡುಕಿದ ಆ ಒಂದು ಚಳಿಗಾಲ ನೆನಪಾಗುತ್ತದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಮರಾಠಿ ಸೀಮೆಯ ಶಿವಾಜಿನಗರದಲ್ಲಿ, ರೈಲು ಸ್ಟೇಷನ್ನಿನ ಹಿಂದಿನ ಓಣಿಯ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದು ಬಾಡಿಗೆಗಿದ್ದೆವು. ನಮ್ಮೆಜಮಾನರದು ಅಲ್ಲೇ ನಡೆದು ಹೋಗುವಷ್ಟು ದೂರದ ಒಂದು ಆಫೀಸಿನಲ್ಲಿ ಗುಮಾಸ್ತಿಕೆ. ಅತ್ತೆಯವರು ತೀರಿಕೊಂಡ ಮೇಲೂ ಊರು ಬಿಡದಿದ್ದ ಮಾವನವರು ಆ ದೀಪಾವಳಿಗೆ ನಮ್ಮಲ್ಲಿಗೆ ಬಂದರು. ಬಂದರು ಎನ್ನುವುದಕ್ಕಿಂತ ಊರೇ ಅವರನ್ನು ಕಳಿಸಿತು ಎನ್ನಬೇಕು. ಬಾಗಲಕೋಟೆಯ ಕಡೆ ಕೃಷ್ಣೆಯ ದಂಡೆಯ ಮೇಲಿನ ಅವರ ಊರು ಹಿನ್ನೀರಿನಲ್ಲಿ ಮುಳುಗುವುದಿತ್ತು. ನೀರು ಎಲ್ಲಿಯವರೆಗೆ ಬರುತ್ತದೆಂದು ತೋರಿಸಲು ಮನೆಮನೆಯ ಗೋಡೆಗೆ ಕೆಂಪು ಗೆರೆ ಎಳೆದು ಹೋಗಿದ್ದರು. ನಮ್ಮ ಮನೆಯ ಗೆರೆ ದೇವರ ಜಗುಲಿಗಿಂತ ಮೇಲಿತ್ತು.

ಅವರು ಊರಿನಿಂದ ತಂದದ್ದು ಒಂದು ಟ್ರಂಕು ಮತ್ತು ಮನೆಯ ಮುಂಬಾಗಿಲಿನ ಚೌಕಟ್ಟು. ಸಾಗವಾನಿಯದು, ಮೇಲಿನ ಪಟ್ಟಿಯಲ್ಲಿ ಎರಡು ಗಿಳಿ ಕೆತ್ತಿದ್ದು. ಜೋಳದ ಲಾರಿಯ ಮೇಲೆ ಹಾಕಿಸಿಕೊಂಡು, ತಾವು ಡ್ರೈವರನ ಪಕ್ಕ ಕೂತು ಬಂದಿದ್ದರು. ಗೋಣಿಚೀಲ ಸುತ್ತಿದ ಆ ಚೌಕಟ್ಟು ವಾಡೆಯ ಪಡಸಾಲೆಯ ಉದ್ದಕ್ಕೂ ಮಲಗಿತು. ಓಡಾಡುವವರೆಲ್ಲ ಒಮ್ಮೆಯಾದರೂ ಎಡವಿದರು. ನಮ್ಮ ಮಗಳು ಅದರ ಮೇಲೆ ಕುದುರೆ ಹತ್ತಿದಂತೆ ಕೂರುತ್ತಿದ್ದಳು. ಕೆಳಗಿನ ಮನೆಯ ಮರಾಠಿ ಆಜಿಯಂತೂ ದಿನಾ ಕೇಳುವುದೇ: "ಅಹೋ, ದಾರ ಆಹೇ, ಪಣ ಘರ ಕುಠೇ?" ಬಾಗಿಲೇನೋ ಇದೆ, ಮನೆ ಎಲ್ಲಿ ಅಂತ. ಮಾವನವರು ತಮ್ಮ ಬಾಗಲಕೋಟೆಯ ಮರಾಠಿಯಲ್ಲಿ, "ಮನಿ ಹಿಂದ ಬರ್ಲಿಕತ್ತದ ಆಜೀ, ಲಾರಿ ಸಿಕ್ಕಿಲ್ಲ" ಎಂಬರ್ಥದ್ದೇನನ್ನೋ ಹೇಳಿ ನಗಿಸುತ್ತಿದ್ದರು.

ನಗು ಹೊರಗಿನವರಿಗೆ. ಮುಳುಗುವವರಿಗೆಂದು ಕಟ್ಟಿದ ಹೊಸ ಊರಿಗೆ ಅವರು ಹೋಗಲೊಲ್ಲದೆ ಬಂದಿದ್ದರು. "ಅಲ್ಲೆ ಮನಿಗೋಳಿಗೆ ನಂಬರ್ ಅದಾವ, ಹೆಸರಿಲ್ಲ" ಎನ್ನುತ್ತಿದ್ದರು. ಆದರೆ ನಮ್ಮ ಎರಡು ಕೋಣೆಯೂ ಅವರಿಗೆ ಮನೆಯಾಗಿರಲಿಲ್ಲ. ಬಂದ ವಾರದಲ್ಲೇ ಮಗನನ್ನು ಕೂರಿಸಿಕೊಂಡು ಹೇಳಿದರು: "ಮಳಿಗಾಲದೊಳಗ ಈ ಚೌಕಟ್ಟು ನಿಲ್ಲಸೂ ಜಾಗಾ ನೋಡೂಣು. ಸಿಕ್ಕಿತು, ಛಲೋ ಆತು. ಸಿಗಲಿಲ್ಲಂದ್ರ ಇದನ್ನ ಯಾರಿಗರೆ ಕೊಟ್ಟು ನಾನು ನಂಬರಿನ ಊರಿಗೆ ಹೋಗಿಬಿಡ್ತೀನಿ. ನಿನ್ನ ಪಡಸಾಲಿಯೊಳಗ ನಾನೂ ಇದೂ ಇಬ್ಬರೂ ಅಡ್ಡ ಬಿದ್ದಿರೂದು ಬ್ಯಾಡ." ಹಾಗೆಂದರೆ ಹಾಗೆ ಮಾಡುವ ಮನುಷ್ಯ ಅವರು. ಇವರಿಗೂ ಅದು ಗೊತ್ತಿತ್ತು.

ಅಲ್ಲಿಂದ ಪ್ರತಿ ರವಿವಾರ ಜಾಗ ನೋಡುವುದು ಶುರುವಾಯಿತು. ಮಗಳನ್ನು ಆಜಿಯ ಹತ್ತಿರ ಬಿಟ್ಟು ನಾನೂ ಹೋಗುತ್ತಿದ್ದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ತಂದೆ ಮಗನ ನಡುವೆ ಕೂರಲು. ತಳೇಗಾಂವದಲ್ಲಿ ಒಂದು ಹೊಸ ಕಾಲೋನಿಯ ಜಾಗ ಇವರಿಗೆ ಬಹಳ ಹಿಡಿಸಿತು. ಲೋಕಲ್ ರೈಲಿದೆ, ತಂಪು ಗಾಳಿ ಇದೆ. ಮಾವನವರು ಬಾವಿಯ ನೀರು ಬಾಯಿಗೆ ಹಾಕಿ ಚಪ್ಪರಿಸಿದರು, ತಲೆಯಾಡಿಸಿದರು. ಆಮೇಲೆ ಕಾವಲುಗಾರನನ್ನು, ಮೊದಲು ಇಲ್ಲೇನಿತ್ತು ಎಂದು ಕೇಳಿದರು. ಭತ್ತದ ಗದ್ದೆ, ಎಂದ ಅವನು.

"ನಡೀರಿ" ಎಂದರು ಮಾವನವರು. "ಆಷಾಢದಾಗ ಅಡಿಗಿ ಮನಿಯೊಳಗ ಕಪ್ಪಿ ಸಂಸಾರ ಹೂಡ್ತಾವ ಇಲ್ಲೆ."

"ಅಪ್ಪಾ, ಮೊದಲ ಸ್ಟೇಷನ್ ಎಷ್ಟು ದೂರ ಅದ ಅನ್ನೂದು ನೋಡ್ರಿ. ದಿನಾ ಹೋಗಿಬರಾಂವ ನಾನು."

"ಸ್ಟೇಷನ್ ನಿನ್ನೆ ಮೊನ್ನೆ ಬಂದದ. ನೀರು ಮೊದಲಿಂದ ಅದ."

"ಹಂಗಾದ್ರ ನೀರಿನ ಬಾಜೂಕ ನೋಡೂದಾ ಬ್ಯಾಡ, ಗುಡ್ಡದ ಮ್ಯಾಲೆ ಹೋಗೂಣು."

"ನೀರು ಕಾಣಬೇಕು ಮಗನ, ಆದರ ನೀರಿಗೆ ನಾವು ಕಾಣಬಾರದು" ಎಂದರು ಮಾವನವರು. ರೈಲಿನಲ್ಲಿ ತಿರುಗಿ ಬರುವಾಗ ಇಬ್ಬರೂ ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡಿದರು.

ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಇತಿಹಾಸ ಕಲಿಸುತ್ತಿದ್ದ ಸಿಸ್ಟರ್ ಪ್ರತಿ ವರ್ಷ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: ಆದಿಮಾನವನು ಬೇಸಾಯ ಕಲಿತ ಮೇಲೆ ನದೀತೀರಗಳಲ್ಲಿ ನೆಲೆಸಲು ಕಾರಣಗಳೇನು? ಉತ್ತರ ಬಾಯಿಪಾಠ. ಕುಡಿಯಲು ನೀರು, ಫಲವತ್ತಾದ ಮಣ್ಣು, ದನಕರುಗಳಿಗೆ ಮೇವು, ಓಡಾಟಕ್ಕೆ ಅನುಕೂಲ. ಮುಖ್ಯ ಪದಗಳ ಕೆಳಗೆ ಸ್ಕೇಲು ಇಟ್ಟು ಗೆರೆ ಎಳೆದರೆ ಪೂರ್ತಿ ಅಂಕ. ಆ ಉತ್ತರದಲ್ಲಿ ಯಾರೂ ಯಾರೊಡನೆಯೂ ಜಗಳವಾಡುತ್ತಿರಲಿಲ್ಲ. ಒಬ್ಬ ಮುದುಕ ಒಂದೂ ಜಾಗ ಒಪ್ಪದೆ ಮನೆಯವರನ್ನೆಲ್ಲ ರವಿವಾರ ರವಿವಾರ ಅಲೆದಾಡಿಸಿರಬಹುದು ಎಂದು ನಮಗಾರಿಗೂ ಹೊಳೆದಿರಲಿಲ್ಲ.

ಚಳಿ ಬಿದ್ದ ಮೇಲೆ ಒಂದು ದಿನ ಸಾಸವಡಕ್ಕೆ ಹೋದೆವು. ಸ್ವಾರಗೇಟಿನಿಂದ ಕೆಂಪು ಬಸ್ಸು, ದಿವೇ ಘಾಟಿನ ತಿರುವುಗಳು, ಆಮೇಲೆ ಊರ ಹೊರಗೆ ಕರ್ಹಾ ನದಿಯ ಗುಂಟ ಕಾಲುದಾರಿ. ಜಾಗದ ಮಾಲೀಕರು ತಾತ್ಯಾ ಎಂಬ ರೈತರು. ಬಿಳಿ ಟೋಪಿ, ಕಿವಿಯಲ್ಲಿ ಅರ್ಧ ಸೇದಿ ಆರಿಸಿಟ್ಟ ಬೀಡಿ. ಅವರು ಆಡುತ್ತಿದ್ದುದು ಮರಾಠಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನದಿ ಒಂದು ಕಡೆ ಕುಡುಗೋಲಿನ ಹಾಗೆ ಬಾಗಿತ್ತು. ಬಾಗಿನ ಒಳಗೆ ಒಂದು ದಿಬ್ಬ. ಆಚೆ ದಂಡೆಯಲ್ಲಿ ಕಪ್ಪು ಮಣ್ಣಿನ ಹೊಲ, ಹಿಂದೆ ಜಾಲಿಗಿಡಗಳಿದ್ದ ಬರಡು ಮೊರಮು ನೆಲ. ಮಾವನವರು ದಿಬ್ಬದ ಮೇಲೆ ನಿಂತು ಒಂದು ಸುತ್ತು ತಿರುಗಿದರು. ಆಮೇಲೆ ಚಪ್ಪಲಿ ಬಿಟ್ಟರು. ಅವರು ಚಪ್ಪಲಿ ಬಿಟ್ಟದ್ದು ಕಂಡು ಇವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಜಾಗ ಒಪ್ಪಿಗೆಯಾಯಿತು ಎಂದು ಅರ್ಥ.

ಒಂದು ಪರೀಕ್ಷೆ ಮಾತ್ರ ಉಳಿದಿತ್ತು. ಅದು ಅವರ ಮನೆತನದಲ್ಲಿ ನಡೆದು ಬಂದದ್ದು. ಮನೆ ಕಟ್ಟುವ ನೆಲದಲ್ಲಿ ಒಂದು ಮೊಳ ಗುಂಡಿ ತೋಡಬೇಕು. ತೆಗೆದ ಮಣ್ಣನ್ನು ಹಾಗೇ ತಿರುಗಿ ತುಂಬಿ ತುಳಿಯಬೇಕು. ಮಣ್ಣು ಉಳಿದರೆ ಆ ಮನೆ ಬೆಳೆಯುತ್ತದೆ. ಸರಿಹೋದರೆ ನಷ್ಟವಿಲ್ಲ, ಲಾಭವಿಲ್ಲ. ಕಡಿಮೆ ಬಿದ್ದರೆ ಅಲ್ಲಿ ಮನೆ ಕಟ್ಟಬಾರದು, ಇದ್ದವರು ಕರಗುತ್ತ ಹೋಗುತ್ತಾರೆ. ತಾತ್ಯಾ ಸನಿಕೆ ಕೊಟ್ಟರು. ಮಾವನವರು ತಾವೇ ತೋಡಿದರು. ಮಣ್ಣು ಬೂದುಬಣ್ಣದ್ದು, ಹಗುರು, ಬೆರಳ ಸಂದಿನಿಂದ ಹಿಟ್ಟಿನ ಹಾಗೆ ಸೋರುತ್ತಿತ್ತು. ನಡುನಡುವೆ ಮಡಕೆಯ ಚೂರು. ತುಂಬಿ, ತುಳಿದು ನೋಡಿದರೆ ಒಂದು ಗೇಣು ಕಡಿಮೆ.

"ಸುತ್ತ ಚೆಲ್ಲಿದ್ದು ಬಳದು ಹಾಕ್ರಿ ಅಪ್ಪಾ" ಎಂದರು ಇವರು. ಬಳಿದು ಹಾಕಿದ್ದಾಯಿತು. ಆದರೂ ಗುಂಡಿ ತುಂಬಲಿಲ್ಲ.

ಮಾವನವರು ಚಪ್ಪಲಿ ಮೆಟ್ಟಿದರು. "ಬ್ಯಾಡ."

"ಒಂದು ಬುಟ್ಟಿ ಮಣ್ಣಿನ ಸಲುವಾಗಿ ಬ್ಯಾಡಾ? ಬಸ್ ಅದ, ನೀರು ಅದ, ನೀವ ಮೆಚ್ಚೀರಿ!"

"ಹೌದು, ಮೆಚ್ಚೀನಿ. ಅದಕ್ಕ ನೋವಾಗೂದು."

ತಾತ್ಯಾ ಬೀಡಿ ಹೊತ್ತಿಸಿ, ಇನ್ನೊಬ್ಬರು ಕೇಳುತ್ತಿದ್ದಾರೆ, ಯುಗಾದಿಯವರೆಗೆ ಮಾತ್ರ ಹಿಡಿದಿಡುತ್ತೇನೆ ಎಂದರು. ತಂದೆ ಮಗ ಮುಂದೆ ನಡೆದರು. ನಾನು ಗುಂಡಿಯ ಬದಿಯಲ್ಲಿ ಬಿದ್ದಿದ್ದ ಒಂದು ಚೂರು ಎತ್ತಿಕೊಂಡೆ. ಕೆಂಪು ಮೈ, ಅದರ ಮೇಲೆ ಕಪ್ಪು ಗೆರೆಗಳ ಬಲೆ. ಗೆರೆ ಎಳೆದವರ ಕೈ ಒಂದು ಕಡೆ ನಡುಗಿ, ಎರಡು ಗೆರೆ ಕೂಡಿಹೋಗಿದ್ದವು. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನೀರಿನ ಹಂಡೆಯ ಕಾಲುಮಣೆ ಅಲುಗಾಡುತ್ತಿತ್ತು, ಅದರ ಕೆಳಗೆ ಸಿಕ್ಕಿಸಿದೆ. ಸರಿಯಾಗಿ ಕೂತಿತು.

ವಾಡೆಯ ಮೇಲಿನ ಕೋಣೆಯಲ್ಲಿ ವಸುಧಾ ಎಂಬ ಮೈಸೂರಿನ ಹುಡುಗಿ ಇದ್ದಳು. ಹಳೆಯ ಕಾಲದ ಬೇಸಾಯಗಾರರ ನೆಲೆಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ನಮಗೆ ಗೊತ್ತಿದ್ದದ್ದು ಅವಳು ಸದಾ ಮಣ್ಣಾದ ಬೂಟು ಹಾಕುತ್ತಾಳೆ, ಮೊಸರಿಗೆ ಹೆಪ್ಪು ಕೇಳಲು ಬರುತ್ತಾಳೆ ಎಂಬಷ್ಟೇ. ಆ ವಾರವೂ ಬಟ್ಟಲು ಹಿಡಿದು ಬಂದಳು. ನಾನು ಹೆಪ್ಪು ತೆಗೆಯುತ್ತಿದ್ದೆ. ಮಾತು ನಿಂತಿತೆಂದು ತಿರುಗಿ ನೋಡಿದರೆ ಅವಳು ನೆಲಕ್ಕೆ ಕೆನ್ನೆ ಹಚ್ಚಿ ಹಂಡೆಯ ಕೆಳಗೆ ನೋಡುತ್ತಿದ್ದಳು.

"ಅಕ್ಕ, ಇದು ನಿಮಗೆಲ್ಲಿ ಸಿಕ್ತು?"

ಹೇಳಿದೆ.

"ಅಕ್ಕ, ದಯವಿಟ್ಟು ಈ ಹಂಡೆ ಎತ್ತಿ. ಮೂರು ಸಾವಿರ ವರ್ಷದ ಮೇಲೆ ನೀರು ತುಂಬಿಟ್ಟಿದ್ದೀರಿ ನೀವು."

ಒಳಕೋಣೆಯಿಂದ ಮಾವನವರು ಕೇಳಿಸಿಕೊಂಡಿದ್ದರು. ಹೊರಗೆ ಬಂದು, "ಆ ಜಾಗಾದ ಮಣ್ಣು ಯಾಕ ಕಡಿಮಿ ಬಿತ್ತು ಅನ್ನೂದು ಹೇಳ್ತೀಯೇನವಾ ನೀನು?" ಎಂದರು.

"ಹೇಳ್ತೀನಿ ಅಂಕಲ್, ಆದ್ರೆ ತೋಡಿ ನೋಡ್ಬೇಕು."

"ಅಂಕಲ್ ಅನಬ್ಯಾಡ, ಬ್ಯಾಂಕಿನಾಗ ನಿಂತಂಗ ಅನಸ್ತದ. ಕಾಕಾ ಅನ್ನು."

ಅನುಮತಿಯ ಓಡಾಟ ಅವಳದು. ಸಂಕ್ರಾಂತಿ ಕಳೆದ ಮೇಲೆ ದಿಬ್ಬದಲ್ಲಿ ದಾರ ಕಟ್ಟಿ, ಚೌಕ ಮಾಡಿ, ಕೆಲಸ ಹಿಡಿದರು. ಅವಳ ಜೊತೆಗೆ ಇಬ್ಬರು ವಿದ್ಯಾರ್ಥಿಗಳು, ಊರಿನ ಕೆಲವು ಹೆಂಗಸರು. ಮಾವನವರು ವಾರದಲ್ಲಿ ಹೆಚ್ಚಿನ ದಿನ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ನಾನು ಮಗಳ ಬಾಲವಾಡಿಗೆ ಸೂಟಿ ಇದ್ದಾಗ ಅವಳನ್ನು ಆಜಿಗೆ ಒಪ್ಪಿಸಿ, ಡಬ್ಬಿ ಹಿಡಿದು ಹಿಂದೆ ಹೋಗುತ್ತಿದ್ದೆ. ಇವರು, "ಮಾವ ಸೊಸಿ ಕೂಡಿ ಯಾರದೋ ಮನಿ ಮುಸುರಿ ತಿಕ್ಕಲಿಕ್ಕೆ ಹೊಂಟೀರಿ" ಎಂದು ಹಂಗಿಸುತ್ತಿದ್ದರು. ಅದು ನಿಜವೂ ಆಗಿತ್ತು. ನನಗೆ ಸಿಕ್ಕ ಕೆಲಸ ಚೂರುಗಳನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ಬಿಸಿಲಿಗೆ ಹರಡುವುದು. ಒಂದು ಗಡಿಗೆಯ ತಳದ ಒಳಮೈಯಲ್ಲಿ ಹೆಬ್ಬೆರಳಿನ ಗುರುತಿತ್ತು. ನನ್ನ ಹೆಬ್ಬೆರಳು ಇಟ್ಟು ನೋಡಿದೆ. ಅವಳದು ಚಿಕ್ಕದು. ಅವಳು ಎಂದು ನಾನೇ ಅಂದುಕೊಂಡೆ, ವಸುಧಾ ಹಾಗೆಲ್ಲ ಹೇಳಬಾರದು ಎಂದಳು.

ಬೆಳಿಗ್ಗೆ ನದಿಯ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ನಿಂತಿರುತ್ತಿತ್ತು. ಹತ್ತು ಗಂಟೆಗೆ ಬಿಸಿಲು ಚುರುಗುಡುತ್ತಿತ್ತು. ಮಧ್ಯಾಹ್ನದ ಗಾಳಿಗೆ ಬೂದಿಮಣ್ಣು ಎದ್ದು ರೊಟ್ಟಿಯ ಮೇಲೆಲ್ಲ ಕೂರುತ್ತಿತ್ತು. ಮೊದಲ ವಾರಗಳಲ್ಲಿ ತೋಡಿದ್ದೆಲ್ಲ ಬರೀ ಬೂದಿ, ಚೂರು, ಮೂಳೆ. ತಾತ್ಯಾ ದಂಡೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಕೊನೆಗೆ, ಇದು ಪಾಂಢರಿ ಎನ್ನುವುದು ನನಗೆ ಮೊದಲೇ ಗೊತ್ತಿತ್ತು, ಎಂದರು. ಪಾಂಢರಿ ಎಂದರೆ ಬಿಳಿಯದು. ಆ ಕಡೆಯ ರೈತರಿಗೆ ನೆಲ ಎರಡೇ ಬಗೆ: ಬಿತ್ತುವುದು ಕರಿಯದು, ಇರುವುದು ಬಿಳಿಯದು. ಊರು ಇದ್ದ ನೆಲ ಒಲೆಯ ಬೂದಿ, ಸಗಣಿ, ಸುಣ್ಣ ಕುಡಿದು ಬೆಳ್ಳಗಾಗುತ್ತದೆ. ಅವರಪ್ಪ, ಅಜ್ಜ ಎಲ್ಲ ಈ ದಿಬ್ಬದ ಮಣ್ಣನ್ನು ಗಾಡಿ ಹೇರಿ ಹೊಲಕ್ಕೆ ಗೊಬ್ಬರವಾಗಿ ಹಾಕಿದವರೇ.

"ಅವತ್ತು ಯಾಕ ಹೇಳಲಿಲ್ಲ?" ಎಂದು ಮಾವನವರು ಅವರ ಮೇಲೆ ಹರಿಹಾಯ್ದರು.

"ನೀವು ಕೇಳಿದ್ದು ನೀರು ಸಿಹಿಯೋ ಉಪ್ಪೋ ಅಂತ. ಮಣ್ಣಿನ ಮಾತು ನೀವು ಮಣ್ಣನ್ನೇ ಕೇಳಿದಿರಿ" ಎಂದರು ತಾತ್ಯಾ, ಬೀಡಿ ಆರಿಸಿ ಕಿವಿಗೆ ಸಿಕ್ಕಿಸುತ್ತ.

ಫೆಬ್ರುವರಿಯಲ್ಲಿ ಒಂದು ಸಂಜೆ ಅಕಾಲದ ಮಳೆ ಬಂತು. ತಾಡಪಾಲು ಸಾಲಲಿಲ್ಲ. ವಸುಧಾ ಅಳುವುದೊಂದು ಬಾಕಿ. ಆದರೆ ಮರುದಿನ ನಾವು ಹೋದಾಗ ಅವಳು ತೋಡಿದ ಹಳ್ಳದ ಅಂಚಿನಲ್ಲಿ ಕೈ ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಒದ್ದೆಯಾದ ನೆಲ ಆರುತ್ತ ಬಂದಂತೆ ಅದರಲ್ಲಿ ಕಪ್ಪು ಚುಕ್ಕೆಗಳು ಎದ್ದಿದ್ದವು, ಒಂದರ ಪಕ್ಕ ಒಂದು, ದುಂಡಗೆ. ಗೂಟ ನೆಟ್ಟಿದ್ದ ಕುಳಿಗಳು. ಗೂಟ ಕೊಳೆತು ಮಣ್ಣಾದಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದಂತೆ. ಮೂಡಣ ದಿಕ್ಕಿನಲ್ಲಿ ಚುಕ್ಕೆಗಳ ಸಾಲು ಕಡಿದಿತ್ತು. ಬಾಗಿಲು. ಗಾಳಿ ಬಾರದ ಮಗ್ಗುಲಿಗೆ ಸುಟ್ಟು ಕೆಂಪಾದ ಒಲೆಯ ಗುಂಡಿ. ಇಡೀ ಮನೆ ನಮ್ಮ ಶಿವಾಜಿನಗರದ ಅಡುಗೆಮನೆಗಿಂತ ಸ್ವಲ್ಪ ದೊಡ್ಡದು. ಮಳೆಗೆ ನೆಂದ ಬೂದಿಯ ವಾಸನೆ ಆಗ ಎದ್ದದ್ದು. ಈಗತಾನೆ ಒಲೆ ಆರಿಸಿ ಯಾರೋ ನೀರಿಗೆ ಹೋದ ಹಾಗಿತ್ತು.

"ಕಾಕಾ, ಈಗ ನೀವು ಹೇಳಿ. ಈ ಜಾಗ ನಿಮಗ್ಯಾಕೆ ಹಿಡಿಸಿತ್ತು?" ಎಂದು ಊಟಕ್ಕೆ ಕೂತಾಗ ವಸುಧಾ ಕೇಳಿದಳು.

"ಹೊಳಿ ಇಲ್ಲೆ ಹೊಳ್ಳತದ ನೋಡು. ಹೊಳ್ಳುಮುಂದ ಆಚಿ ದಂಡಿ ಕಡೀತದ, ಈಚಿ ದಂಡಿಗೆ ಮಣ್ಣು ತಂದು ಹಾಕ್ತದ. ದಿಬ್ಬ ಎತ್ತರ ಅದ, ಮಹಾಪೂರ ಬಂದ್ರೂ ಪಾದ ತೊಳಕೊಂಡು ಹೋಗ್ತದ. ಬ್ಯಾಸಗಿಯೊಳಗ ಆ ಬಂಡೆಗಲ್ಲಿನ ಕೆಳಗ ಮಡುವಿನಾಗ ನೀರು ನಿಂತಿರ್ತದ. ಮತ್ತೇನು ಬೇಕು?"

"ಅವರಿಗೆ ಇನ್ನೂ ಬೇಕಿತ್ತು. ಹಿಂದಿನ ಮೊರಮು ನೆಲ ದನಕ್ಕೆ. ಆ ಜಾಲಿ ಗೂಟಕ್ಕೆ, ಒಲೆಗೆ. ಹೊಳೇಲಿ ಉರುಳಿ ಬರೋ ಗಾಜಿನಂಥ ಕಲ್ಲು ಕುಡುಗೋಲಿಗೆ. ಮತ್ತೆ ಒಳ್ಳೇ ಕಪ್ಪು ಮಣ್ಣಿನ ಮೇಲೆ ಮನೆ ಕಟ್ಟಿ ಹೊಲ ಹಾಳುಮಾಡಿಲ್ಲ ನೋಡಿ ಅವರು."

"ಇದು ನನಗ ಹೊಳೀಲಿಲ್ಲ" ಎಂದು ಮಾವನವರು ಒಪ್ಪಿಕೊಂಡರು. "ಕುಡುಗೋಲು ನಾನು ಪ್ಯಾಟ್ಯಾಗ ಕೊಳ್ಳಾಂವ."

ನಾನು ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆ ಹೇಳಿದೆ. ವಸುಧಾ ನಕ್ಕಳು. "ನಾನೂ ಅದೇ ಉತ್ತರ ಬರೀತಿರೋದು ಅಕ್ಕ, ಪುಟ ಮಾತ್ರ ಜಾಸ್ತಿ." ಆಮೇಲೆ ರೊಟ್ಟಿಯ ತುಂಡು ಕೈಯಲ್ಲೇ ಹಿಡಿದು, "ಆದ್ರೆ ಇಂಥದೇ ಬಾಗು, ಇಂಥದೇ ದಿಬ್ಬ ಈ ಹೊಳೆ ಮೇಲೆ ಇನ್ನೂ ಇವೆ. ಹೋಗಿ ನೋಡಿದ್ದೀನಿ. ಅಲ್ಲಿ ಯಾರೂ ಇರಲಿಲ್ಲ. ಇಲ್ಲೇ ಯಾಕೆ ತಲೆತಲಾಂತರ ಉಳಿದ್ರು ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ" ಎಂದಳು.

ಮಾರ್ಚ್ ಬಿಸಿಲು ಏರುತ್ತಿದ್ದಾಗ ಅದೇ ಮನೆಯ ನೆಲದ ಕೆಳಗೆ, ಒಲೆಯಿಂದ ಮಾರು ದೂರದಲ್ಲಿ, ಎರಡು ಗಡಿಗೆಗಳು ಬಾಯಿಗೆ ಬಾಯಿ ಹಚ್ಚಿ ಮಲಗಿಸಿದ್ದು ಕಂಡಿತು. ವಸುಧಾ ಕೆಲಸದವರನ್ನೆಲ್ಲ ದೂರ ಕಳಿಸಿ ತಾನೇ ಹಕ್ಕಿಗರಿಯಷ್ಟು ಮೆತ್ತಗಿನ ಬ್ರಷ್ ಹಿಡಿದು ಕೂತಳು. ಒಂದು ಗಡಿಗೆಯ ಪಕ್ಕೆ ಒಡೆದಿತ್ತು. ಒಳಗೆ ಕೂಸಿನ ಎಲುಬುಗಳು. ತೀರ ಸಣ್ಣವು. ಅವರು ದೊಡ್ಡವರನ್ನು ಮಣ್ಣು ಮಾಡುವ ರೀತಿ ಬೇರೆ; ಕೂಸುಗಳನ್ನು ಹೀಗೆ ಎರಡು ಗಡಿಗೆಯ ನಡುವೆ ಇಟ್ಟು ಮನೆಯೊಳಗೇ ಹೂಳುತ್ತಿದ್ದರಂತೆ, ಅವರ ಪದ್ಧತಿ ಅದು. ಪಕ್ಕದಲ್ಲಿ ಒಂದು ಗಿಂಡಿ ಇತ್ತು. ಹಾಲಿಗೋ ನೀರಿಗೋ.

ಕೆಲಸದ ಹೆಂಗಸರು ಸೆರಗು ತಲೆಗೆಳೆದುಕೊಂಡರು. ತಾತ್ಯಾ ಟೋಪಿ ತೆಗೆದರು. ಅವರ ಮುಖ ನೋಡಿದರೆ, ಇನ್ನು ಈ ಜಾಗ ಯಾರು ಕೊಳ್ಳುತ್ತಾರೆ ಎಂಬ ಚಿಂತೆಯೂ ಇತ್ತು. ಮಾವನವರು ಹಳ್ಳಕ್ಕೆ ಇಳಿದು ಮಂಡಿಯೂರಿದರು.

"ತಲಿ ಯಾವ ಕಡೆ ಅದ?"

"ಉತ್ತರಕ್ಕೆ, ಕಾಕಾ."

"ಅವರು ಈ ಊರು ಬಿಟ್ಟದ್ದು ಯಾಕ?"

"ಮಳೆ ಕಡಿಮೆಯಾಗ್ತಾ ಬಂದಿದೆ. ಮೇಲಿನ ಪದರದಲ್ಲಿ ಮನೆಗಳು ಸಣ್ಣವು, ಕಾಳು ಕಡಿಮೆ, ಕಾಡುಪ್ರಾಣಿ ಮೂಳೆ ಜಾಸ್ತಿ. ಬೇಸಾಯ ಕೈಹಿಡೀಲಿಲ್ಲ. ಹೊರಟುಹೋದ್ರು."

"ಹೋಗುಮುಂದ ಕೂಸಿನ್ನ ಇಲ್ಲೇ ಬಿಟ್ಟು ಹೋದ್ರೇನು?"

"ಹೌದು ಕಾಕಾ. ಇಂಥ ಊರನ್ನ ನಮ್ಮವರು ಎಲ್ಲೆಲ್ಲಿ ತೋಡಿ ನೋಡಿದ್ದಾರೋ ಅಲ್ಲೆಲ್ಲಾ ಅವರು ಬಿಟ್ಟೇ ಹೋಗಿದ್ದಾರೆ."

ಬಸ್ಸಿನಲ್ಲಿ ಘಾಟ್ ಇಳಿಯುವಾಗ ಮಾವನವರು ಕಿಟಕಿಯ ಸರಳು ಹಿಡಿದುಕೊಂಡು, ನನ್ನ ಕಡೆ ನೋಡದೆ ಹೇಳಿದರು: "ನಿಮ್ಮ ಅತ್ತಿಯವರಿಗೆ ಮೊದಲ ಒಂದು ಹೆಣ್ಣು ಕೂಸಾಗಿತ್ತು. ನಿನ್ನ ಗಂಡಗ ಗೊತ್ತಿಲ್ಲ. ನಾಮಕರಣ ಆಗಿದ್ದಿಲ್ಲ. ಹಿತ್ತಲದಾಗ ನುಗ್ಗಿಗಿಡದ ಬುಡಕ ಇಟ್ಟೇವಿ. ಆಕಿ ದಿನಾ ಬಂದು ಆ ಗಿಡಕ್ಕ ಒಂದು ತಂಬಿಗಿ ನೀರು ಹಾಕ್ತಿದ್ದಳು. ಆಕಿ ಹೋದ ಮ್ಯಾಲೆ ನಾನು ಹಾಕ್ತಿದ್ದೆ."

ಡಬ್ಬಿಯಲ್ಲಿ ಒಂದು ಬಾಳೆಹಣ್ಣು ಉಳಿದಿತ್ತು, ಕೊಟ್ಟೆ. ಸುಲಿದು ಅರ್ಧ ನನಗೆ ಕೊಟ್ಟರು. ತಳೇಗಾಂವದ ಗದ್ದೆ, ಕಪ್ಪೆ, ಮಣ್ಣು ಕಡಿಮೆ ಬಿದ್ದದ್ದು, ಎಲ್ಲವನ್ನೂ ನಾನು ಆ ದಾರಿಯಲ್ಲಿ ಮತ್ತೊಮ್ಮೆ ಯೋಚಿಸಿದೆ. ಯಾವ ಜಾಗದಲ್ಲೂ ಕೊರತೆ ಕಾಣದಿರುವುದು ಅವರಿಗೆ ಹೇಗೆ ಸಾಧ್ಯವಿತ್ತು?

ಮಾರ್ಚ್ ಮುಗಿಯುವ ಮುಂಚೆ ವಸುಧಾ ಗಡಿಗೆಗಳ ಚಿತ್ರ ಬರೆದು, ಅಳತೆ ಮಾಡಿ, ಸಿಕ್ಕದ್ದನ್ನೆಲ್ಲ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಹಳ್ಳವನ್ನು ಅದೇ 'ಬಿಳಿ' ಮಣ್ಣಿನಿಂದ ಮುಚ್ಚಿಸಿದಳು. ಆಗಲೂ ಮಣ್ಣು ಕಡಿಮೆಯೇ ಬಿತ್ತು. ಹೊಳೆಯ ಮರಳು ತಂದು ಸಮ ಮಾಡಬೇಕಾಯಿತು. "ಬೂದಿ, ಸಗಣಿ, ಹುಲ್ಲು, ಜನ ತುಳಿದ ನೆಲ ಕಾಕಾ. ಒಂದು ಸಲ ಬಿಚ್ಚಿದ್ರೆ ಮತ್ತೆ ಮೊದಲಿನ ಹಾಗೆ ಕೂರಲ್ಲ. ಶಾಪ ಅಲ್ಲ ಇದು, ಜನ ಇದ್ದ ಗುರುತು" ಎಂದಳು.

ಯುಗಾದಿ ಹತ್ತಿರ ಬಂದಿತ್ತು. ತಾತ್ಯಾ ಮೆಲ್ಲಗೆ, ಬೇಕಾದರೆ ದಿಬ್ಬವನ್ನು ಕಡಿಮೆಗೇ ಕೊಟ್ಟೇನು ಎಂದರು. ಆವತ್ತು ಇವರೂ ರಜೆ ಹಾಕಿ ಬಂದಿದ್ದರು; ಆಗಲಿ ಎಂದು ತಂದೆಯ ಕಡೆ ನೋಡಿದರು.

"ಇಲ್ಲೆ ಆಗಲೇ ಮನಿ ಅದ" ಎಂದರು ಮಾವನವರು.

ಸನಿಕೆ ಎತ್ತಿಕೊಂಡು ದಿಬ್ಬ ಇಳಿದು, ತಾತ್ಯಾ ಅವರದೇ ಆದ ಹಿಂದಿನ ಜಾಲಿಗಿಡಗಳ ಬರಡು ನೆಲಕ್ಕೆ ನಡೆದರು. ಅಲ್ಲಿಂದಲೂ ಹೊಳೆ ಕಾಣುತ್ತಿತ್ತು, ದಿಬ್ಬದ ಭುಜದ ಮೇಲಿಂದ. ಮೊರಮು ಗಟ್ಟಿ, ತೋಡುವಷ್ಟರಲ್ಲಿ ಬೆವರಿಳಿಯಿತು. ಇವರು ಸನಿಕೆ ಕೇಳಿದರೂ ಕೊಡಲಿಲ್ಲ. ಒಂದೂ ಚೂರು ಸಿಗಲಿಲ್ಲ, ಒಂದು ಚಿಟಿಕೆ ಬೂದಿ ಇರಲಿಲ್ಲ. ತಿರುಗಿ ತುಂಬಿ ತುಳಿದಾಗ ಗುಂಡಿಯ ಮೇಲೆ ಗೋಪುರದ ಹಾಗೆ ಮಣ್ಣು ಉಳಿಯಿತು.

"ಮಣ್ಣು ಹೆಚ್ಚಾತಲ್ಲ ಅಪ್ಪಾ! ಛಲೋ ಅಲ್ಲೇನು?" ಎಂದರು ಇವರು.

ಮಾವನವರು ಉಳಿದ ಮಣ್ಣಿನ ಗುಪ್ಪೆಯನ್ನು ನೋಡುತ್ತ ಸನಿಕೆಗೆ ಆತು ನಿಂತರು. "ಇಷ್ಟು ದಿನ ನಾನು ತಪ್ಪು ತಿಳದಿದ್ದೆ. ಮಣ್ಣು ಉಳೀತು ಅಂದ್ರ ಯಾರೂ ಇಲ್ಲೆ ಇದ್ದಿಲ್ಲ ಅಂತ ಅರ್ಥ. ಅಷ್ಟ" ಎಂದರು. ಸನಿಕೆಯನ್ನು ಇವರ ಕೈಗಿತ್ತು, "ಇರ್ಲಿ. ನಾವ ಇರೂಣು" ಎಂದರು.

ಮುಂಗಾರಿಗೆ ಮುನ್ನ ಗೋಡೆ ಏಳಲಿಲ್ಲ, ಆದರೆ ಚೌಕಟ್ಟು ನಿಂತಿತು. ಎರಡೂ ಪಕ್ಕ ಕಲ್ಲು ಕಟ್ಟಿ, ಹಿಂದೆ ಮುಂದೆ ಬಯಲಿದ್ದ ನೆಲದಲ್ಲಿ ಮೂಡಣಕ್ಕೆ ಮುಖ ಮಾಡಿ ನಿಲ್ಲಿಸಿದರು. ಪೂಜೆಗೆ ಶಿವಾಜಿನಗರದ ಆಜಿಯೂ ಬಂದಿದ್ದಳು. ಚೌಕಟ್ಟಿನೊಳಗಿನಿಂದ ಒಮ್ಮೆ ಆಚೆ, ಒಮ್ಮೆ ಈಚೆ ಹಾದು, ಮನೆ ಇನ್ನೂ ಲಾರಿಯಲ್ಲೇ ಇದೆಯೇನು ಎಂದಳು. ಮಾವನವರು ಊರಿಗೆ ಒಮ್ಮೆ ಹೋಗಿ ಬಂದರು. ನುಗ್ಗಿಗಿಡದ ಬುಡವನ್ನು ಅಗೆಯಲಿಲ್ಲ, ಅಲ್ಲಿಂದ ಏನನ್ನೂ ತರಲಿಲ್ಲ. ಒಂದು ತಂಬಿಗೆ ನೀರು ಹಾಕಿ ಬಂದೆ ಎಂದಷ್ಟೇ ನನಗೆ ಹೇಳಿದರು. ಮುಂದೆ ಕೆಂಪು ಗೆರೆಯವರೆಗೂ ನೀರು ಬಂತಂತೆ, ಹೇಳಿದವರು ಬೇರೆ ಯಾರೋ. ವಸುಧಾಗೆ ಪದವಿ ಬಂತು, ಅವಳು ಮೈಸೂರಿಗೆ ಹಿಂದಿರುಗಿದಳು.

ಆ ಚೌಕಟ್ಟಿನ ಹಿಂದೆ ಎದ್ದ ಈ ಮನೆಯಲ್ಲಿ ಮಾವನವರು ಕೆಲವು ವರ್ಷ ಇದ್ದು ತೀರಿಹೋದರು. ಬೆಳಿಗ್ಗೆ ಸ್ನಾನದ ನೀರು ಕಾಯಿಸುವ ಬಂಬಕ್ಕೆ ಜಾಲಿಯ ಕಟ್ಟಿಗೆ ಒಟ್ಟುವುದು ಅವರ ಕೆಲಸವಾಗಿತ್ತು. ಆರಿದ ಮೇಲೆ ಬೂದಿಯನ್ನು ಬುಟ್ಟಿಗೆ ತುಂಬಿ ಹಿತ್ತಲಿಗೆ ಚೆಲ್ಲುವುದು ನನ್ನದು. ಅವರ ನಂತರ ಎರಡೂ ನನ್ನದೇ. ಗ್ಯಾಸಿನ ಗೀಸರ್ ಬರುವವರೆಗೂ ನಡೆಯಿತು ಅದು.

ಆ ಬೂದಿಯೇ ಮೊನ್ನೆ ನನ್ನ ಗುದ್ದಲಿಗೆ ಸಿಕ್ಕಿದ್ದು. ಅದರ ಜೊತೆ ಮಗಳ ಆಟದ ಒಂದು ಪಿಂಗಾಣಿ ಬಸಿಯ ತುಂಡು, ಬಳೆಯ ಚೂರು, ಮಾವಿನ ಗೊರಟೆ. ಸ್ವಲ್ಪ ಹೊತ್ತು ಕೂತಿದ್ದು ಎದ್ದೆ. ಸಸಿಯನ್ನು ಬದಿಗೇ ಇಟ್ಟು, ತೆಗೆದ ಮಣ್ಣನ್ನೆಲ್ಲ ತಿರುಗಿ ಗುಂಡಿಗೆ ತುಂಬಿದೆ. ತುಳಿದೆ. ಸುತ್ತ ಚೆಲ್ಲಿದ್ದನ್ನು ಅಂಗೈಯಿಂದ ಬಳಿದು ಹಾಕಿದೆ.

ಇವರು ಚಹಾದ ಕಪ್ಪು ಹಿಡಿದು ಹಿತ್ತಲ ಬಾಗಿಲಿಗೆ ಬಂದರು. "ಏನು ನಡದದ? ತಗದದ್ದ ಮತ್ತ ತುಂಬ್ತೀಯಲ್ಲ!"

"ಮಣ್ಣು ಕಡಿಮಿ ಬಿತ್ತರೀ" ಎಂದೆ. "ಒಂದು ಗೇಣು."

ಇವರು ಮೆಟ್ಟಿಲಿಳಿದು ಬಂದು ಗುಂಡಿಯ ಬಾಯಿಗೆ ಬಗ್ಗಿ ನೋಡಿದರು. ಕಾಲಿನಿಂದ ಒಮ್ಮೆ ಒತ್ತಿ ನೋಡಿದರು.

"ಹಂಗಾದ್ರ ಛಲೋ ಆತು" ಎಂದರು.

ಮಣ್ಣನ್ನು ಮತ್ತೆ ತೆಗೆದು ಸಸಿ ಇಟ್ಟೆ.